ಮಾತು ಮುಗಿಯುವವರೆಗೆ ಕಾಯುತ್ತಿದ್ದ ಟೀಚರ್

ನಮ್ಮ ಕಡೆ ಮಗು ಮಾತಾಡುವುದು ತಡವಾದರೆ ಮನೆಯವರು ಮೊದಲು ಹುಡುಕುವುದು ಬಜೆಯ ತುಂಡನ್ನು. ತೇದು ನಾಲಿಗೆಗೆ ಹಚ್ಚುತ್ತಾರೆ. ಆಮೇಲೆ ದೇವರಿಗೊಂದು ಹರಕೆ. ಅದೂ ಆದ ಮೇಲೆ ‘ಇವನ ಅಪ್ಪನೂ ಹಾಗೇ, ಮಾತು ಬಂದಿದ್ದೇ ತಡ’ ಎಂಬ ಸಮಾಧಾನ. ಇದೆಲ್ಲ ಮುಗಿದ ಮೇಲೆ ವರದಮೂಲದ ಸುತ್ತಮುತ್ತಲಿನವರಿಗೆ ನೆನಪಾಗುತ್ತಿದ್ದವರು ‘ಮಾತಿನ ಟೀಚರ್’. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಪೇಪರಿನಲ್ಲಿ ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಆಗದ ವಿಷಯ, ಹಾಗಾಗಿ ಇಲ್ಲಿಯೂ ಹಾಕುತ್ತಿಲ್ಲ.

ಅವರು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. 1965ರಲ್ಲಿ ಶುರುವಾದ ಆ ಸಂಸ್ಥೆಗೆ ಆಗಿನ್ನೂ ಎಳೆ ವಯಸ್ಸು. ಅಡಿಕೆ ತೋಟದ ಮನೆಯ ಹುಡುಗಿ ಬಿ.ಎಸ್ಸಿ.ಗೆ ಮೈಸೂರಿಗೆ ಹೋಗುವುದೇ ಸುದ್ದಿ. ಅದರಲ್ಲೂ ‘ಮಾತು ಕಲಿಸುವುದನ್ನು ಕಲಿಯಲಿಕ್ಕೆ’ ಎಂದರೆ ಊರವರು ನಕ್ಕಿದ್ದರಂತೆ. ಆ ಸಂಸ್ಥೆಯ ನಿರ್ದೇಶಕರಾಗಿದ್ದ ನ. ರತ್ನ ಅವರು ನಾಟಕದವರೂ ಹೌದು, ಮೈಸೂರಿನ ‘ಸಮತೆಂತೋ’ ತಂಡದವರು. ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ನಾಟಕ ನೋಡಿ ಬೆಳೆದ ಟೀಚರಿಗೆ ಇದು ಬಹಳ ಹಿಡಿಸಿತ್ತು. ಉಸಿರು, ದನಿ, ನಾಲಿಗೆ ಇವು ರಂಗದ ಮೇಲೂ ಬೇಕು, ಚಿಕಿತ್ಸೆಯ ಕೋಣೆಯಲ್ಲೂ ಬೇಕು ಎನ್ನುತ್ತಿದ್ದರು. ಓದು ಮುಗಿಸಿ ಶ್ರವಣದೋಷವುಳ್ಳ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಬಂದರು. ನಾವು ಕಂಡ ಟೀಚರ್ ಆಮೇಲಿನವರು.

ಜಗಲಿಯೇ ಅವರ ಕ್ಲಿನಿಕ್. ಗೋಡೆಗೆ ಒರಗಿಸಿಟ್ಟ ಆಳೆತ್ತರದ ಕನ್ನಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಚಿತ್ರದ ಕಾರ್ಡುಗಳು. ಮಗುವಿನ ಕೈಯನ್ನು ತಮ್ಮ ಗಂಟಲ ಮೇಲಿಟ್ಟು ‘ಬ’ ಎನ್ನುವರು, ಕಂಪನ ಕೈಗೆ ತಾಗುತ್ತದೆ. ‘ಪ’ ಎಂದರೆ ತಾಗುವುದಿಲ್ಲ, ಆದರೆ ತುಟಿಯ ಮುಂದೆ ಹಿಡಿದ ಕಾಗದದ ಚೂರು ಅಲುಗುತ್ತದೆ. ‘ಮ’ ಎನ್ನುವಾಗ ಬೆರಳು ಮೂಗಿನ ಮೇಲೆ. ಕಿವಿ ಕೇಳದ ಮಗುವಿಗೆ ಅಕ್ಷರಗಳು ಹೀಗೆ ಮೈಯಿಂದ ಮೈಗೆ ದಾಟುತ್ತಿದ್ದವು. ಮಾತು ತಡವಾದ ಮಗು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ಕಿವಿಯ ಪರೀಕ್ಷೆ ಆಗಿದೆಯೇ ಎಂದು. ಆಗಿಲ್ಲ ಎಂದರೆ ಬಸ್ಸಿನ ಟೈಮು ಹೇಳಿ ಅವತ್ತೇ ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಬಜೆಯನ್ನು ಅವರು ಬೈದದ್ದು ಕೇಳಿಲ್ಲ. ಆದರೆ ಬಜೆ ನಂಬಿ ಕಳೆದ ವರ್ಷಗಳ ಬಗ್ಗೆ ಸಿಟ್ಟಿತ್ತು.

ಇನ್ನೊಂದು ಸಿಟ್ಟೂ ಇತ್ತು. ‘ಹಾಲು’ ಎನ್ನಲು ‘ಆಲು’ ಎನ್ನುವ, ‘ಶಾಲೆ’ಗೆ ‘ಸಾಲೆ’ ಎನ್ನುವ ಮಕ್ಕಳನ್ನು ಶಾಲೆಯವರು ಇವರ ಹತ್ತಿರ ಕಳಿಸುವುದಿತ್ತು. ಟೀಚರ್ ಆ ಮಗುವಿಗೆ ಒಂದು ಬಾಳೆಹಣ್ಣು ಕೊಟ್ಟು ಹಾಗೇ ವಾಪಸು ಕಳಿಸುತ್ತಿದ್ದರು. ಮನೆಯಲ್ಲಿ ಅಪ್ಪ ಅಮ್ಮ ಆಡುವ ಮಾತನ್ನು ಮಗು ಸರಿಯಾಗಿಯೇ ಕಲಿತಿದೆ, ಇದು ಆ ಮನೆಯ ಕನ್ನಡ, ರೋಗವಲ್ಲ ಎಂದು ಚೀಟಿ ಬರೆಯುತ್ತಿದ್ದರು. ದೀವರ ಕನ್ನಡ, ಹವ್ಯಕ ಕನ್ನಡ, ಪುಸ್ತಕದ ಕನ್ನಡ ಮೂರೂ ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಶಾಲೆಗಳಿಗೆ ಆ ಚೀಟಿಗಳ ಅಗತ್ಯ ಎಷ್ಟಿತ್ತೆಂದು ನನಗೀಗ ಅನಿಸುತ್ತದೆ.

ನಾನು ಅವರ ಬಳಿ ಹೋದದ್ದು ಉಗ್ಗಿಗಾಗಿ. ಹೈಸ್ಕೂಲಿನಲ್ಲಿ ಪಾಠ ಓದುವ ಸರದಿ ನನಗೆ ಬಂದಾಗ ಮೇಷ್ಟರು ಪಕ್ಕದವನಿಗೆ ದಾಟಿಸುತ್ತಿದ್ದರು. ಅವರಿಗೆ ಅದು ದಯೆ, ನನಗೆ ಅವಮಾನ. ಜಗತ್ತಿನಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ, ದೊಡ್ಡವರಲ್ಲಿ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು ಎಂದು ಮೊದಲು ಹೇಳಿದವರು ಟೀಚರ್. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಉಗ್ಗಿನಿಂದ ಹೆದರಿಕೆ ಹುಟ್ಟುತ್ತದೆ ಎಂದೂ ಅಂದರು. ‘ಯಂಗೇನೂ ಗಡಿಬಿಡಿ ಇಲ್ಲೆ ತಮಾ, ನಿಧಾನ ಹೇಳು’ ಎಂದು ಕಾಯುತ್ತಿದ್ದರು. ನನ್ನ ಬಾಯಲ್ಲಿ ಸಿಕ್ಕಿಕೊಂಡ ಪದವನ್ನು ಅವರು ಒಮ್ಮೆಯೂ ತಾವೇ ಹೇಳಿ ಮುಗಿಸಲಿಲ್ಲ. ನನ್ನ ಅಮ್ಮನಿಗೂ ಹಾಗೆ ಸುಮ್ಮನಿರುವುದನ್ನು ಕಲಿಸಿದರು. ಅದಕ್ಕೆ ನನ್ನ ತರಬೇತಿಗಿಂತ ಹೆಚ್ಚು ದಿನ ಹಿಡಿಯಿತು.

ದನಿಯನ್ನು ಮೆತ್ತಗೆ ಎತ್ತುವುದು, ಸ್ವರವನ್ನು ಎಳೆದು ಹೇಳುವುದು ಇವೆಲ್ಲ ಪುಸ್ತಕದಲ್ಲಿರುವ ಅಭ್ಯಾಸಗಳೇ. ಅಡಿಕೆ ಸುಲಿಯುವ ಜಾಗಕ್ಕೆ ಕರೆದುಕೊಂಡು ಹೋಗಿದ್ದು ಮಾತ್ರ ಅವರದೇ ಬುದ್ಧಿ. ಸುಗ್ಗಿಯಲ್ಲಿ ರಾತ್ರಿ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಎಲ್ಲರ ಕಣ್ಣೂ ಕತ್ತಿಯ ಮೇಲೆ, ನಿಮ್ಮ ಮುಖ ಯಾರೂ ನೋಡುವುದಿಲ್ಲ. ಅಲ್ಲಿ ಮಾತಾಡಿ ನೋಡು ಎಂದರು. ಉಗ್ಗುವವರು ಹಾಡುವಾಗ, ಹತ್ತು ಜನರ ಜೊತೆ ದನಿಗೂಡಿಸುವಾಗ ಸಾಮಾನ್ಯವಾಗಿ ತಡವರಿಸುವುದಿಲ್ಲ. ಹಾಗಾಗಿ ಮೊದಲು ಯಕ್ಷಗಾನದ ಪದಕ್ಕೆ ದನಿ ಸೇರಿಸಿದೆ, ಆಮೇಲೆ ಸಣ್ಣದೊಂದು ಕಥೆ ಹೇಳಿದೆ. ಎರಡು ಕಡೆ ಸಿಕ್ಕಿಕೊಂಡೆ. ಸುಲಿಯುವುದು ನಿಲ್ಲಲಿಲ್ಲ.

ಬಿ.ಕಾಂ. ಮುಗಿದ ಮೇಲೆ ಮೊದಲ ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ನನ್ನ ಪದಗಳನ್ನೆಲ್ಲ ತಾವೇ ಮುಗಿಸಿ, ‘ಆಮೇಲೆ ತಿಳಿಸುತ್ತೇವೆ’ ಎಂದರು. ತಿಳಿಸಲಿಲ್ಲ. ಟೀಚರ್ ಕೇಳಿ, ಮುಂದಿನ ಸಲ ಕೂತ ತಕ್ಷಣ ನೀನೇ ಹೇಳಿಬಿಡು ಎಂದರು: ನನಗೆ ಉಗ್ಗು ಇದೆ, ಉತ್ತರಕ್ಕೆ ಸ್ವಲ್ಪ ಸಮಯ ಬೇಕು. ಆ ವಾಕ್ಯವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕನ್ನಡಿಯ ಮುಂದೆ ಹೇಳಿಸಿದರು. ಮೂರನೆಯ ಕಡೆ ಕೆಲಸ ಸಿಕ್ಕಿತು. ಉಗ್ಗು ಈಗಲೂ ಇದೆ. ಫೋನಿನಲ್ಲಿ ‘ಸಾಗರ’ ಎನ್ನುವಾಗ ಈಗಲೂ ನಿಲ್ಲುತ್ತೇನೆ, ಆದರೆ ಫೋನ್ ಇಡುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಯೂ ಸೇರಿದೆ. ಆದರೆ ನಮ್ಮ ಹಳ್ಳಿ ಶಾಲೆಗಳಲ್ಲಿ ಈ ಕೆಲಸದವರನ್ನು ನಾನಂತೂ ಕಂಡಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿ ಮುಂದೇನು ಎಂದು ಯೋಚಿಸುತ್ತಿರುವವರಿಗೆ ಒಂದು ಮಾತು: ಬಿಎಎಸ್‌ಎಲ್‌ಪಿ ಎಂಬ ಪದವಿ ಇದೆ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಎಂಜಿನಿಯರಿಂಗ್ ಸೀಟಿನ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ.

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಈಗ ಅದನ್ನು ಓದುತ್ತಿದ್ದಾಳೆ. ಚಿಕ್ಕವಳಿದ್ದಾಗ ‘ರ’ ಬಾರದೆ ಟೀಚರ್ ಜಗಲಿಗೆ ಬರುತ್ತಿದ್ದವಳು. ವೈಕುಂಠ ಸಮಾರಾಧನೆಯ ದಿನ ಬಂದಾಗ ಮನೆಯವರು ಬಿಸ್ಕತ್ತಿನ ಡಬ್ಬಿಯನ್ನು ಅವಳಿಗೇ ಕೊಟ್ಟರು. ಅಲ್ಲೇ ಕೂತು ಕಾರ್ಡುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ರೊಟ್ಟಿ, ರಾಟೆ, ರೇಡಿಯೊ. ‘ಈಗಿನ ಮಕ್ಕಳಿಗೆ ಈ ರೇಡಿಯೊ ಗೊತ್ತಾಗುವುದಿಲ್ಲ, ಇದೊಂದು ಬೇರೆ ಬರೆಯಬೇಕು’ ಎಂದು ಆ ಕಾರ್ಡನ್ನು ಪಕ್ಕಕ್ಕಿಟ್ಟಳು.