ಯುದ್ಧವಿಮಾನವು ದಳವನ್ನು ಸೇರಿದ ದಿನ

ಹಾವೇರಿ, ರಾಣೆಬೆನ್ನೂರುಗಳ ಕಡೆಯಿಂದ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ಕಾಯಿ ಗಿಡದಲ್ಲಿ ಕೆಂಪಾದ ದಿನ ಒಂದು, ಕಣದಲ್ಲಿ ಒಣಗಿದ ದಿನ ಇನ್ನೊಂದು, ಪೇಟೆಯಲ್ಲಿ ತೂಗಿದ ದಿನ ಮತ್ತೊಂದು. ಅಡಿಗೆಮನೆಯನ್ನು ಸೇರಿದ ದಿನವೇ ಬೇರೆ. ಯುದ್ಧವಿಮಾನದ ಚರಿತ್ರೆಯೂ ಹಾಗೆಯೇ. ಅದು ಮೊದಲು ಹಾರಿದ ದಿನವನ್ನೇ ರಣರಂಗಕ್ಕೆ ಬಂದ ದಿನವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಇದಕ್ಕೆ ನಿದರ್ಶನವು ಬೆಂಗಳೂರಿನಲ್ಲಿಯೇ ಉಂಟು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಅಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. 1941ರ ಆಗಸ್ಟಿನಲ್ಲಿ ಹಾರ್ಲೊ ಎಂಬ ಶಿಕ್ಷಣವಿಮಾನವೂ, 1942ರ ಜುಲೈನಲ್ಲಿ ಅಮೆರಿಕದ ಕರ್ಟಿಸ್ ಕಂಪೆನಿಯ ಹಾಕ್ ಎಂಬ ಯುದ್ಧವಿಮಾನವೂ ಈ ಕಾರ್ಖಾನೆಯಿಂದ ಮೇಲೆದ್ದವು. ಇದೇ ಹಾಕ್ ವಿಮಾನಕ್ಕೆ ಬ್ರಿಟಿಷರ ರಾಯಲ್ ಏರ್‌ಫೋರ್ಸಿನವರು ಇಟ್ಟ ಹೆಸರು ಮೊಹಾಕ್. ಅದರ ಮೊದಲ ಮೂರು ಮಾದರಿಗಳಿಗೆ ಪ್ರಾಟ್ ಅಂಡ್ ವಿಟ್ನಿ ಎಂಜಿನ್, ನಾಲ್ಕನೆಯದಕ್ಕೆ ರೈಟ್ ಸೈಕ್ಲೋನ್ ಎಂಜಿನ್. ಇಂಡಿಯಾದ ದಳಗಳಲ್ಲಿ ಹಾರಿದುದು ಈ ನಾಲ್ಕನೆಯ ಮಾದರಿ.

ಬರ್ಮಾದ ಗಡಿಯಲ್ಲಿ ಮೊಹಾಕ್‌ಗಳು ಜಪಾನೀಯರೊಡನೆ ಹೋರಾಡಿದವು. ಹಾಗಾದರೆ ಅವೆಲ್ಲವೂ ಬೆಂಗಳೂರಿನವೆ? ತಾರೀಖುಗಳನ್ನು ಎದುರುಬದುರಾಗಿ ಇಟ್ಟು ನೋಡೋಣ. ರಾಯಲ್ ಏರ್‌ಫೋರ್ಸಿನ 5ನೆಯ ದಳಕ್ಕೆ ಮೊಹಾಕ್ ದೊರೆತದ್ದು 1941ರ ಡಿಸೆಂಬರಿನಲ್ಲಿ. ಬೆಂಗಳೂರಿನ ಮೊದಲ ಹಾಕ್ ಹಾರಿದುದು ಅದಾದ ಏಳು ತಿಂಗಳಿಗೆ. ಆದಕಾರಣ ಆ ದಳದ ಮೊದಲ ವಿಮಾನಗಳು ನಮ್ಮವಾಗಿರಲಾರವು. ಫ್ರಾನ್ಸ್ ದೇಶವು ತನಗಾಗಿ ಅಮೆರಿಕದಲ್ಲಿ ಮಾಡಿಸುತ್ತಿದ್ದ ಹಾಕ್‌ಗಳು, 1940ರ ಜೂನಿನಲ್ಲಿ ಅದು ಶರಣಾಗತವಾದ ಮೇಲೆ, ಬ್ರಿಟನ್ನಿನ ಪಾಲಿಗೆ ಬಂದಿದ್ದವು. ಮೊಹಾಕ್‌ಗಳ ಮುಖ್ಯ ಮೂಲ ಅದೇ.

155ನೆಯ ದಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದು ಪೆಷಾವರದಲ್ಲಿ 1942ರ ಏಪ್ರಿಲಿನಲ್ಲಿ ಸ್ಥಾಪಿತವಾಯಿತು. ಆದರೆ ವಿಮಾನಗಳು ಕೈಸೇರಿದ್ದು ಕೆಲವು ತಿಂಗಳ ತರುವಾಯ. ದಳ ಹುಟ್ಟಿದ ದಿನವೂ ಅದಕ್ಕೆ ರೆಕ್ಕೆ ಬಂದ ದಿನವೂ ಒಂದೇ ಅಲ್ಲ.

ಹೀಗಿರಲು ನಿಜವನ್ನು ತಿಳಿಯುವ ಬಗೆ ಯಾವುದು? ಜಾತಿಯ ಹೆಸರನ್ನು ಬಿಟ್ಟು ಒಂದೊಂದು ವಿಮಾನದ ಅಂಕಿಯನ್ನು ಹಿಡಿದು ಹೋಗತಕ್ಕದ್ದು. ವಿಮಾನದ ಮೈಮೇಲೆ ಬರೆದ ಅಂಕಿಯು ದಳದ ದಿನಚರಿಯಲ್ಲಿ ಯಾವ ದಿನ ಮೊದಲು ಕಾಣುವುದೋ, ಆ ದಿನದ ಹೊತ್ತಿಗೆ ಅದು ದಳವನ್ನು ಸೇರಿತ್ತೆಂದು ನಿಶ್ಚಯವಾಗಿ ಹೇಳಬಹುದು. ಕಾರ್ಖಾನೆಯ ಸಮಾರಂಭದ ಚಿತ್ರದಿಂದ ಅಷ್ಟು ತಿಳಿಯದು.

ಇದರಿಂದ ಬೆಂಗಳೂರಿನ ಕೀರ್ತಿಗೆ ಕುಂದೇನೂ ಇಲ್ಲ. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೈನ್ಯದ ಆಡಳಿತಕ್ಕೆ ಒಳಪಟ್ಟು, ವಿಮಾನಗಳನ್ನೂ ಎಂಜಿನುಗಳನ್ನೂ ದುರಸ್ತಿಮಾಡುವ ದೊಡ್ಡ ಕೇಂದ್ರವಾಯಿತು. ಅಲ್ಲಿನ ಕೆಲಸಗಾರರು ಯುದ್ಧಕ್ಕೆ ಸಲ್ಲಿಸಿದ ಹೆಚ್ಚಿನ ಸೇವೆ ಈ ದುರಸ್ತಿಯ ಕೆಲಸವೇ. ಮಾಡದ ಕೆಲಸವನ್ನು ಅವರ ಹೆಸರಿಗೆ ಬರೆದರೆ, ಮಾಡಿದ ಕೆಲಸವು ಮರೆಯಾಗುತ್ತದೆ. ತಾರೀಖನ್ನು ಸರಿಯಾಗಿ ಹುಡುಕುವುದು ಅವರಿಗೆ ನಾವು ತೀರಿಸಬೇಕಾದ ಋಣ.