ಕಥಾನಾಯಕಿಯ ನಡು

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕಾಗಿ ಬರುವವರಲ್ಲಿ ಮಗಳ ಮದುವೆಗೆಂದು ಹರಕೆ ಹೊತ್ತ ತಾಯಂದಿರೂ ಉಂಟು. ನಮ್ಮ ಮನೆಮಾತಿನಲ್ಲಿ ಮೈತುಂಬಿಕೊಂಡ ಹೆಣ್ಣುಮಗಳನ್ನು ‘ಲಕ್ಷ್ಮಿಯ ಹಾಗಿದ್ದಾಳೆ’ ಎಂದು ಹೊಗಳುವುದು ವಾಡಿಕೆ. ‘ಬಡಕಲು’ ಎಂಬುದು ಮೂದಲಿಕೆ. ಆದರೆ ಅದೇ ತಾಯಿ, ಅದೇ ಮಗಳು ಓದುವ ಪ್ರಣಯ ಕಾದಂಬರಿಗಳಲ್ಲಿ ನಾಯಕಿ ಸಾಮಾನ್ಯವಾಗಿ ಬಳುಕುವ ಬಳ್ಳಿ. ದಪ್ಪ ಮೈಯವಳು ಆಕೆಯ ಸೋದರತ್ತೆಯೋ, ನಗಿಸಲೆಂದು ಬಂದ ಗೆಳತಿಯೋ ಆಗಿರುತ್ತಾಳೆ.

ಇದು ಈಚಿನವರ ಸೃಷ್ಟಿಯೆನ್ನುವಂತಿಲ್ಲ. ‘ಬಡನಡು’ ನಮ್ಮ ಹಳೆಯ ಕಾವ್ಯದ ಮಾತು. ‘ಬಡಕಲು’ವಿನಲ್ಲಿರುವ ‘ಬಡ’ವೇ ಅಲ್ಲಿ ಪ್ರಶಂಸೆಯಾಗಿದೆ. ಕುಮಾರವ್ಯಾಸನಿಗಂತೂ ಹೆಣ್ಣೆಂದರೆ ‘ತಳೋದರಿ’, ತೆಳುಹೊಟ್ಟೆಯವಳು. ಆದರೆ ಹಿಂದಿನ ಕವಿಗಳು ನಡುವನ್ನು ಕಿರಿದು ಮಾಡಿದರೂ ಹೆಣ್ಣನ್ನು ‘ನಿತಂಬಿನಿ’ ಎಂದರು, ‘ಗಜಗಮನೆ’ ಎಂದರು. ನಮ್ಮ ಕಾದಂಬರಿ ಬಡನಡುವನ್ನು ಉಳಿಸಿಕೊಂಡು ಆನೆಯನ್ನು ಕೈಬಿಟ್ಟಿತು. ಇಂದು ಹುಡುಗಿಯೊಬ್ಬಳನ್ನು ಆನೆಗೆ ಹೋಲಿಸಿ ನೋಡಿ, ಏನಾಗುತ್ತದೆಂದು ತಿಳಿಯುತ್ತದೆ!

ಬಾನುಲಿ ನಾಟಕದಲ್ಲಿ ಈ ತೊಡಕಿಲ್ಲ. ಅಲ್ಲಿ ನಾಯಕಿಗೆ ದನಿಯುಂಟು, ತೂಕವಿಲ್ಲ. ಅಚ್ಚಿನ ಕಾದಂಬರಿಗೂ ಇದು ಅಸಾಧ್ಯವೇನಲ್ಲ. ತ್ರಿವೇಣಿ (1928–1963) ಅವರ ‘ಶರಪಂಜರ’ದ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತದೆ. ಓದುಗರು ಆಕೆಗಾಗಿ ಮರುಗಿದ್ದು ಸೊಂಟದ ಅಳತೆ ನೋಡಿ ಅಲ್ಲ.

ಕಥೆಯ ಮಾತು ಕಥೆಯಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಊಟದ ತಟ್ಟೆಗೂ ಬರುತ್ತದೆ. ಹೆಣ್ಣು ನೋಡಲು ಬರುವವರಿದ್ದಾರೆಂದು ತಿಂಗಳ ಮುಂಚಿನಿಂದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುವ ಹುಡುಗಿಯರನ್ನು ನಾವು ಕಂಡಿಲ್ಲವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಹೆಚ್ಚು. ಸುಮಾರು 48 ಮಂದಿಗೆ ರಕ್ತಹೀನತೆ. ತೂಕದ ವಿಷಯದಲ್ಲಿ ವೈದ್ಯರು ಹೇಳುವ ಮಾತು ಬೇರೆ. ಅವರು ರಕ್ತದೊತ್ತಡವನ್ನು ನೋಡಿ ಹೇಳುತ್ತಾರೆ, ವರನ ಮುಖ ನೋಡಿ ಅಲ್ಲ. ಅರ್ಧ ಮುದ್ದೆಯಿಂದ ರಕ್ತಹೀನತೆ ವಾಸಿಯಾಗದು.

ದಪ್ಪ ಹುಡುಗಿ ನಾಯಕಿಯಾಗುವುದೇ ಇಲ್ಲವೆಂದಲ್ಲ. ಆದರೆ ಇಂಥ ಕಥೆಗಳಲ್ಲಿ ಹಲವು ಆಕೆಯನ್ನು ಮೊದಲು ತೆಳ್ಳಗೆ ಮಾಡುತ್ತವೆ. ಆಮೇಲೆಯೇ ನಾಯಕ ತಿರುಗಿ ನೋಡುವುದು. 2017ರಲ್ಲಿ ಝೀ ಕನ್ನಡದಲ್ಲಿ ಆರಂಭವಾದ ‘ಬ್ರಹ್ಮಗಂಟು’ ಧಾರಾವಾಹಿ ದಪ್ಪ ಮೈಯ ಗೀತಾಳನ್ನೇ ನಾಯಕಿಯಾಗಿ ಮನೆಮನೆಗೆ ತಂದಿತು. ಅಲ್ಲಿಯೂ ಕಥೆ ಹುಟ್ಟಿದ್ದು ಆಕೆಯ ಮೈತೂಕದಿಂದಲೇ. ಮೈತೂಕದ ಮಾತೇ ಎತ್ತದೆ ಅಂಥವಳೊಬ್ಬಳು ಸುಮ್ಮನೆ ಪ್ರೀತಿಸಿ, ಜಗಳವಾಡಿ, ಮದುವೆಯಾಗುವ ಕಾದಂಬರಿಯನ್ನು ನಮ್ಮ ಲೇಖಕಿಯರಲ್ಲಿ ಯಾರಾದರೂ ಬರೆದುಕೊಟ್ಟರೆ ಕೊಂಡು ಓದುವವರು ಬೇಕಾದಷ್ಟು ಮಂದಿ ಇದ್ದಾರೆ.