ವರ್ಣತಂತುವಿನ ದೋಷವೆಲ್ಲ ವಂಶದ ದೋಷವಲ್ಲ

ವರದಿಯಲ್ಲಿ 'ವರ್ಣತಂತುವಿನ ದೋಷ' ಎಂದು ಬರೆದಿದ್ದರೆ ಸಾಕು, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ 'ಇದು ಯಾರ ಕಡೆಯಿಂದ ಬಂತು?' ಮಗುವಿಗೆ ಡೌನ್ ಸಿಂಡ್ರೋಮ್ ಇದ್ದರೆ ತಾಯಿಯನ್ನೂ ಅವಳ ತವರನ್ನೂ ದೂರುತ್ತಾರೆ. ತಂದೆಗೆ ರಕ್ತದ ಕ್ಯಾನ್ಸರ್ ಎಂದು ತಿಳಿದರೆ ಮಗಳಿಗೆ ಬಂದ ಸಂಬಂಧ ತಪ್ಪಿಹೋಗುತ್ತದೆ. ಎರಡೂ ಅನ್ಯಾಯ.

ನಂಬಿಕೆ: ರಕ್ತದ ಕ್ಯಾನ್ಸರ್‌ನಲ್ಲಿ ವರ್ಣತಂತು ಕೆಟ್ಟಿರುತ್ತದೆ, ಹಾಗಾಗಿ ಮಕ್ಕಳಿಗೂ ಬರುತ್ತದೆ.

ಸತ್ಯ: ಸಿಎಂಎಲ್ ಎಂಬ ದೀರ್ಘಕಾಲದ ರಕ್ತ ಕ್ಯಾನ್ಸರ್ ಇದ್ದವರ ಜೀವಕೋಶಗಳಲ್ಲಿ ಒಂದು ವರ್ಣತಂತು ತೀರ ಗಿಡ್ಡಗಿರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಕಂಡರು. ತುಂಡಾದ ಭಾಗ ಎಲ್ಲಿ ಹೋಯಿತೆಂಬುದು ಹತ್ತು ವರ್ಷ ದಾಟಿದರೂ ತಿಳಿಯಲಿಲ್ಲ. ಅದನ್ನು ಪತ್ತೆ ಹಚ್ಚಿದವರು ಶಿಕಾಗೋದ ವೈದ್ಯೆ ಜಾನೆಟ್ ರೌಲಿ. ಬುದ್ಧಿಮಾಂದ್ಯ ಮಕ್ಕಳ ಕ್ಲಿನಿಕ್ಕಿನಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದಾಗ ಡೌನ್ ಸಿಂಡ್ರೋಮ್‌ನ ಮೂಲಕವೇ ಅವರಿಗೆ ವರ್ಣತಂತುಗಳಲ್ಲಿ ಆಸಕ್ತಿ ಹುಟ್ಟಿತ್ತು. ಹೊಸ ಬಣ್ಣದ ವಿಧಾನದಿಂದ ಪಟ್ಟೆಪಟ್ಟೆಯಾಗಿ ಕಾಣುತ್ತಿದ್ದ ವರ್ಣತಂತುಗಳ ಫೋಟೊಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತ ಕೂರುತ್ತಿದ್ದರು. 22ನೆಯ ವರ್ಣತಂತುವಿನ ತುಂಡು ಕಳೆದುಹೋಗಿರಲಿಲ್ಲ, 9ನೆಯದರ ತುದಿಗೆ ಅಂಟಿಕೊಂಡಿತ್ತು! ಇದು 1973ರಲ್ಲಿ ಪ್ರಕಟವಾಯಿತು.

ವರ್ಣತಂತುಗಳ ತುಂಡುಗಳ ಈ ಅದಲುಬದಲು ಹುಟ್ಟಿನಿಂದ ಬಂದದ್ದಲ್ಲ. ಬದುಕಿನ ಯಾವುದೋ ಹಂತದಲ್ಲಿ ಅಸ್ಥಿಮಜ್ಜೆಯ ಒಂದು ಜೀವಕೋಶದಲ್ಲಿ ಆದದ್ದು. ಅದು ರೋಗಿಯ ಅಂಡಾಣು, ವೀರ್ಯಾಣುಗಳಲ್ಲಿ ಇರುವುದಿಲ್ಲ. ಆದ್ದರಿಂದ ಮಕ್ಕಳಿಗೆ ದಾಟುವುದೂ ಇಲ್ಲ.

ನಂಬಿಕೆ: ವರ್ಣತಂತುವೇ ಮುರಿದ ಮೇಲೆ ಔಷಧಿಯಿಂದ ಏನು ಪ್ರಯೋಜನ?

ಸತ್ಯ: ಎಲ್ಲಿ ಮುರಿದಿದೆ ಎಂದು ತಿಳಿದದ್ದರಿಂದಲೇ ಔಷಧಿ ಸಿಕ್ಕಿತು. 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಸೇರಿದ ಜಾಗದಲ್ಲಿ ತಯಾರಾಗುವ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ಅಗ್ಗದ ಜೆನೆರಿಕ್ ಮಾತ್ರೆಯ ದಾರಿ ಮುಚ್ಚಲಿಲ್ಲ.

ನಂಬಿಕೆ: ಡೌನ್ ಸಿಂಡ್ರೋಮ್ ಬರುವುದು ಗ್ರಹಣ ನೋಡಿದ್ದರಿಂದ, ಇಲ್ಲವೇ ಸೋದರಮಾವನನ್ನು ಮದುವೆಯಾದದ್ದರಿಂದ.

ಸತ್ಯ: ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ಅದು ನಿಜ. ಆದರೆ ಡೌನ್ ಸಿಂಡ್ರೋಮ್ ಆ ಬಗೆಯದಲ್ಲ. 21ನೆಯ ವರ್ಣತಂತು ಎರಡರ ಬದಲು ಮೂರಿರುವುದೇ ಕಾರಣ ಎಂದು 1959ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ತೋರಿಸಿದರು. ನೂರಕ್ಕೆ ಸುಮಾರು 95 ಮಕ್ಕಳಲ್ಲಿ ಇದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆಗುತ್ತದೆ. ತಾಯಿಗೆ 35 ವರ್ಷವಾದಾಗ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು ಮಗುವಿಗೆ ಈ ಸಾಧ್ಯತೆ. ಆದರೂ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ತಾಯಿ ಏನು ತಿಂದಳು, ಎಲ್ಲಿ ಹೋದಳು ಎಂದು ಕೆದಕುವುದರಲ್ಲಿ ಅರ್ಥವಿಲ್ಲ.

ನಂಬಿಕೆ: ಗರ್ಭಿಣಿಯ ರಕ್ತಪರೀಕ್ಷೆಯಲ್ಲಿ 'ಹೈ ರಿಸ್ಕ್' ಎಂದು ಬಂದರೆ ಮುಗಿಯಿತು.

ಸತ್ಯ: ಮುಗಿದಿಲ್ಲ. ಎನ್‌ಐಪಿಟಿ ಎಂಬ ರಕ್ತಪರೀಕ್ಷೆ ನೋಡುವುದು ಬಹುಪಾಲು ಮಾಸಿನಿಂದ ಬಂದ ಡಿಎನ್‌ಎಯನ್ನು. ಮಾಸಿನಲ್ಲಿ ದೋಷವಿದ್ದು ಮಗುವಿನಲ್ಲಿ ಇಲ್ಲದಿರುವುದೂ ಉಂಟು. ಖಚಿತವಾಗಬೇಕಾದರೆ ಸಾಮಾನ್ಯವಾಗಿ 15 ವಾರ ತುಂಬಿದ ಮೇಲೆ, ಸ್ಕ್ಯಾನಿಂಗ್‌ನಲ್ಲಿ ನೋಡುತ್ತ ಸೂಜಿಯಿಂದ ಗರ್ಭದ ನೀರು ತೆಗೆದು ಪರೀಕ್ಷಿಸಬೇಕು. ಇದರಿಂದ ಗರ್ಭಪಾತವಾಗುವ ಅಪಾಯ ಶೇಕಡ 1ಕ್ಕಿಂತ ಕಡಿಮೆ. ಆ ನೀರಿನಲ್ಲಿರುವ ಮಗುವಿನ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಅವು ವಿಭಜನೆಗೊಳ್ಳುವ ಹೊತ್ತಿಗೆ ತಡೆದು ನಿಲ್ಲಿಸಿ, ಬಣ್ಣ ಹಾಕಿ ವರ್ಣತಂತುಗಳನ್ನು ಎಣಿಸುತ್ತಾರೆ. ಪೂರ್ತಿ ವರದಿಗೆ ಸುಮಾರು ಎರಡು ವಾರ ಬೇಕಾಗುವುದು ಈ ಕಾರಣಕ್ಕೆ. ಮಗು ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ, ಹೇಳುವುದು ಕಾನೂನಿನ ಪ್ರಕಾರ ಅಪರಾಧ.

ಡೌನ್ ಸಿಂಡ್ರೋಮ್‌ನಲ್ಲಿ ಬಹುಪಾಲು ಆಕಸ್ಮಿಕವೇ ಆದರೂ, ನೂರಕ್ಕೆ ಮೂರು ನಾಲ್ಕು ಮಕ್ಕಳಿಗೆ ಹೆಚ್ಚುವರಿ 21ನೆಯದು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಅಂಥವರಲ್ಲಿ ಕೆಲವರಿಗೆ ಅದು ಆರೋಗ್ಯವಂತ ತಾಯಿಯಿಂದಲೋ ತಂದೆಯಿಂದಲೋ ಬಂದಿರಬಹುದು. ಹಾಗಾಗಿ ಮೊದಲ ಮಗುವಿನ ಕ್ಯಾರಿಯೋಟೈಪ್ (ವರ್ಣತಂತು ಪರೀಕ್ಷೆಯ) ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಮಗುವಿನ ಯೋಚನೆ ಮಾಡುವ ಮೊದಲು ಅದನ್ನು ವೈದ್ಯರಿಗೆ ತೋರಿಸಿ.